ಒಂದು ಉದ್ಧರಣೆ ಭಾರಜಲ

ನಮ್ಮ ಮೇಷ್ಟ್ರಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಇದನ್ನು ಅವರ ಎದುರಿಗೇ ಹೇಳಿದ್ದೇನೆ, ಒಂದಲ್ಲ ಹತ್ತು ಸಲ. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಹೌದ್ರಮ್ಮ, ಹೆದರ್ತೀನಿ. ಹೆದರದೇ ಇರೋರು ಸರಿಯಾಗಿ ನೋಡಿರಲ್ಲ, ಅಷ್ಟೆ," ಎಂದು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಹೋದ ತಿಂಗಳು ಹರಿಹರದಲ್ಲಿ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ಹನ್ನೊಂದು ದಿನ ಕಳೆದ ಮೇಲೆ, ತರಕಾರಿ ಅಂಗಡಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬನ ಬಾಯಿಂದ. ಆರಿಸುತ್ತಿದ್ದ ಬದನೆಕಾಯಿಯನ್ನು ಬುಟ್ಟಿಗೇ ಹಾಕಿ ಬರಿಗೈಲಿ ಮನೆಗೆ ಬಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಿದ್ದರೆ ಅದಕ್ಕೂ ಹೆದರುತ್ತಿದ್ದರು.

ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದು ಚೀನಾ ಯುದ್ಧದ ವರ್ಷ. ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು. ಅವರು ಅಲ್ಲಿ ಹಿರಿಯ ಮೇಷ್ಟ್ರು, ಐವತ್ತರ ಹತ್ತಿರದ ವಯಸ್ಸು, ಹರಿಹರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಲ್ಯಾಬಿನ ಬಾಗಿಲು ತೆರೆದ ಕೂಡಲೇ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಮೂಗನ್ನಷ್ಟೇ ಒಳಗೆ ಚಾಚಿ ಎರಡು ಸಲ ಮೂಸುತ್ತಿದ್ದರು. ಬಾಗಿಲ ಹಿಡಿಯನ್ನಾಗಲಿ, ಬರ್ನರನ್ನಾಗಲಿ ಮೊದಲು ಕೈಯ ಹಿಂಬದಿಯಿಂದ ತಾಗಿಸಿ ನೋಡಿ, ಆಮೇಲೆ ಹಿಡಿಯುವುದು. ಕೋಟಿನ ಜೇಬಿನಲ್ಲಿ ಎರಡು ಕರ್ಚೀಫು, ಒಂದು ಒಣಗಿದ್ದು, ಇನ್ನೊಂದು ಒದ್ದೆ. ಒದ್ದೆಯದು ಯಾಕೆ ಎಂದು ಕೇಳಿದರೆ, "ಹೊಗೆ ಗಿಗೆ ಎದ್ದರೆ ಮೂಗಿಗೆ ಬೇಕಲ್ರಿ," ಎನ್ನುತ್ತಿದ್ದರು. ನಾನಿದ್ದ ಕಾಲದಲ್ಲಿ ಹೊಗೆ ಒಮ್ಮೆಯೂ ಏಳಲಿಲ್ಲ, ಅವರ ಜೇಬು ಮಾತ್ರ ಹನ್ನೆರಡು ತಿಂಗಳೂ ತೇವವಾಗಿತ್ತು.

ಅವರ ಬಾಯಲ್ಲಿ ಬಾರದ ಮಾತೊಂದಿತ್ತು. "ಸಾಧ್ಯವಿಲ್ಲ" ಎಂದು ಅವರು ಹೇಳಿದ್ದನ್ನು ಯಾರೂ ಕೇಳಿಲ್ಲ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನಮ್ಮ ಅಟೆಂಡರ್ ಬಸಣ್ಣ, "ಸಾರ್, ಇವತ್ತೇನು ಮಳೆ ಬರಲ್ಲ ಅಲ್ರೀ? ಹಪ್ಪಳ ಒಣಾಕ್ಬೇಕಂತಾಳೆ ಮನೇಲಿ," ಎಂದರೆ, ಅವರು ಕಿಟಕಿಗೆ ಹೋಗಿ ಆಕಾಶ ನೋಡಿ, "ಬರೋದೇ ಇಲ್ಲ ಅನ್ನೋ ಹಂಗಿಲ್ಲ ಬಸಣ್ಣ. ಭಾಳ ಕಡಿಮೆ," ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ ಎಂದು ನಾನು ಬೈದುಕೊಳ್ಳುತ್ತಿದ್ದೆ. ಹುಡುಗರು ಅವರಿಗೆ 'ಹಂಗಿಲ್ಲ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು.

ಈ ಸ್ವಭಾವ ಎಲ್ಲಿಂದ ಬಂತು ಎಂದು ಗೊತ್ತಾಗಬೇಕಾದರೆ ಅವರ ಒಂದು ಪಾಠ ಕೇಳಬೇಕಿತ್ತು. ಅದು ಸಿಲೆಬಸ್ಸಿನಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ, ಪಾಠಗಳೆಲ್ಲ ಮುಗಿದ ಮೇಲೆ, ಇಷ್ಟವಿದ್ದವರು ಕೂರಿ ಎಂದು ಹೇಳಿ ಮಾಡುತ್ತಿದ್ದರು.

"ಒಂದು ವಸ್ತು ಇನ್ನೊಂದಾಗಬೇಕಂದ್ರೆ ನಡುವೆ ಒಂದು ಗೋಡೆ ಐತೆ ಅಂತ ತಿಳ್ಕೊಳ್ರಿ, ನಮ್ಮ ಕಾಂಪೌಂಡ್ ಗೋಡೆ ಹಂಗೆ. ಆಚೆ ಹೋಗಬೇಕಂದ್ರೆ ಏರಬೇಕು. ಏರಾಕೆ ಕಸುವು ಬೇಕು. ಆ ಕಸುವಿಗೇ ನಾವು ಬೆಂಕಿ ಇಟ್ಟು ಕಾಯಿಸೋದು. ಇಷ್ಟು ಎಲ್ಲಾ ಪುಸ್ತಕದಾಗೂ ಐತೆ. ಆದ್ರೆ ಹೈಡ್ರೋಜನ್ ಪರಮಾಣು ಭಾಳ ಹಗುರ. ಅಷ್ಟು ಹಗುರ ಇರೋದು ಕಲ್ಲಿನಂಗೆ ಒಂದೇ ಕಡೆ ಕೂತಿರಲ್ಲ, ಅಲೆ ಹಂಗೆ ಹರಡಿಕೊಂಡಿರ್ತೈತೆ. ಆ ಹರವು ಗೋಡೆ ಆಚೆ ಕಡೆಗೂ ಒಂಚೂರು ಚಾಚಿರ್ತೈತೆ. ಹಂಗಾಗಿ ಒಂದೊಂದು ಸಲ ಅದು ಏರದೇನೇ ಆಚೆ ಕಡೆ ಸಿಗ್ತೈತೆ. ಗೋಡೆಗೆ ತೂತೂ ಬಿದ್ದಿರಲ್ಲ. ಮಂಜುಗಡ್ಡೆಯಷ್ಟು ತಣ್ಣಗಿದ್ರೂ ದಾಟ್ತೈತೆ. ಇಂಗ್ಲಿಷಿನಾಗೆ ಟನೆಲಿಂಗ್ ಅಂತಾರೆ. ನಂಗೆ ಆ ಹೆಸರು ಸೇರಲ್ಲ. ಸುರಂಗ ಅಂದ್ರೆ ಯಾರೋ ತೋಡಿದ್ದು. ಇಲ್ಲಿ ಯಾರೂ ತೋಡಿಲ್ಲ."

ಹಾಸ್ಟೆಲಿನ ಹುಡುಗನೊಬ್ಬ ಎದ್ದು, "ಸಾರ್, ಹಂಗಾರೆ ನಾನೂ ಒಂದಿನ ಹಾಸ್ಟೆಲ್ ಗೋಡೆ ಏರದೇ ಟಾಕೀಸಿನಾಗೆ ಇರಬಹುದಾ?" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಅವರು ನಗಲಿಲ್ಲ. "ಇರೋದೇ ಇಲ್ಲ ಅನ್ನೋ ಹಂಗಿಲ್ಲಪ್ಪ. ಆದ್ರೆ ನಿನ್ನ ತೂಕಕ್ಕೆ ಈ ಲೋಕದ ಆಯಸ್ಸು ಸಾಲಲ್ಲ," ಎಂದು ಶಾಂತವಾಗಿ ಹೇಳಿದರು.

ಇದು ಯಾವ ಪ್ರಯೋಜನಕ್ಕೆ ಬರುತ್ತದೆ ಎಂದು ಕೇಳಿದರೆ ಅವರ ಮುಖಕ್ಕೆ ಕಳೆ ಬರುತ್ತಿತ್ತು. ಲ್ಯಾಬಿನ ಕಿಟಕಿಯಿಂದ ಹತ್ತಿ ಮಿಲ್ಲಿನ ಚಿಮಣಿಗಳು ಕಾಣುತ್ತಿದ್ದವು. ಅವನ್ನು ತೋರಿಸಿ, ಏರಿಸದೇ ದಾಟಿಸುವುದನ್ನು ಕಲಿತರೆ ಎಷ್ಟೋ ಕಾರ್ಖಾನೆಗಳಲ್ಲಿ ಇಷ್ಟು ಬೆಂಕಿ ಬೇಕಾಗುವುದಿಲ್ಲ, ಎಣ್ಣೆ ಗಟ್ಟಿ ಮಾಡುವುದಕ್ಕೂ ಗೊಬ್ಬರ ಮಾಡುವುದಕ್ಕೂ ಸೌದೆ ಕಲ್ಲಿದ್ದಲು ಉಳಿಯುತ್ತದೆ ಎನ್ನುತ್ತಿದ್ದರು. ಇನ್ನೊಂದು ಆಸೆಯೂ ಇತ್ತು. ಹೈಡ್ರೋಜನ್ನಿಗೆ ಅದರ ಎರಡರಷ್ಟು ತೂಕದ ಒಬ್ಬ ಅಣ್ಣ ಇದ್ದಾನೆ, ಅವನು ಸೇರಿ ಆದ ನೀರೇ ಭಾರಜಲ. ತೂಕ ಹೆಚ್ಚಾದ್ದರಿಂದ ಅವನು ಗೋಡೆ ದಾಟುವುದು ಅಪರೂಪ. ಔಷಧಿಯಲ್ಲಿ ಸರಿಯಾದ ಜಾಗದಲ್ಲಿ ತಮ್ಮನನ್ನು ಎಬ್ಬಿಸಿ ಅಣ್ಣನನ್ನು ಕೂರಿಸಿದರೆ ಮೈ ಅದನ್ನು ಬೇಗ ಒಡೆಯಲಾರದು, ಮೂರು ಹೊತ್ತು ನುಂಗುವ ಗುಳಿಗೆ ಒಂದು ಹೊತ್ತಿಗೇ ಸಾಕಾಗಬಹುದು. ಇಷ್ಟು ಹೇಳುವಾಗ ಮಾತ್ರ ಅವರ ಮುಖದಲ್ಲಿ ಹೆದರಿಕೆ ಇರುತ್ತಿರಲಿಲ್ಲ.

ಆದರೆ ಮರುಗಳಿಗೆಗೇ ಬರುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಂದು ದಿನ ಹೊರದೇಶದ ಪತ್ರಿಕೆ ಹಿಡಿದುಕೊಂಡು ನನ್ನ ಎದುರು ಕೂತರು. "ನಮ್ಮ ಮೈಯ ಕಣಕಣದಾಗೂ ವಂಶದ ಬರಹ ಇರೋ ಏಣಿ ಐತಲ್ರಮ್ಮ, ಅದ್ರ ಮೆಟ್ಟಿಲು ಹಿಡಿದಿರೋದೇ ಈ ಹೈಡ್ರೋಜನ್. ಅದು ಸದ್ದಿಲ್ಲದೆ ಈಚೆಯಿಂದ ಆಚೆಗೆ ದಾಟಿದ್ರೆ, ನಕಲು ತೆಗೆಯೋ ಹೊತ್ತಿಗೆ ಅಕ್ಷರ ತಪ್ಪಾಗಬಹುದು ಅಂತ ಒಬ್ಬರು ಬರೆದಾರೆ. ಊನ, ಮುಪ್ಪು, ಗಡ್ಡೆ ರೋಗ, ಇವುಗಳಾಗೆ ಕೆಲವು ಹಿಂಗೇ ಬರ್ತಾವೋ ಏನೋ. ಯಾರ ತಪ್ಪೂ ಅಲ್ಲ, ನೋಡ್ರಿ. ಸುಮ್ನೆ ದಾಟಿರ್ತೈತೆ." ಅಷ್ಟು ಹೇಳಿ ತಮ್ಮ ಅಂಗೈಯನ್ನೇ ನೋಡಿಕೊಂಡರು. ನಾನು ನಕ್ಕೆ. ಆಗ ನನಗೆ ನಗಲು ಬರುತ್ತಿತ್ತು.

ಅವರಿಗೆ ಒಂದು ಪ್ರಯೋಗ ಮಾಡುವ ಆಸೆ ಇತ್ತು, ಜೀವಮಾನದ ಆಸೆ ಎಂದರೂ ಸರಿಯೇ. ಒಂದು ದ್ರಾವಣದಲ್ಲಿ ಅಯೋಡಿನ್ನಿನ ಕಂದು ಬಣ್ಣ ಮಾಯವಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು, ಒಮ್ಮೆ ಸಾಮಾನ್ಯ ಹೈಡ್ರೋಜನ್ ಇದ್ದಾಗ, ಒಮ್ಮೆ ಭಾರದ್ದು ಇದ್ದಾಗ. ಬಿಸಿಯಲ್ಲೂ ಮಂಜುಗಡ್ಡೆಯಲ್ಲೂ ನೋಡಬೇಕು. ತಣ್ಣಗಾದಂತೆ ಇಬ್ಬರ ನಡುವಿನ ಅಂತರ ಪುಸ್ತಕದ ಲೆಕ್ಕ ಮೀರಿ ಬೆಳೆದರೆ, ಹಗುರದ್ದು ಗೋಡೆ ಏರದೇ ದಾಟುತ್ತಿದೆ ಎಂದು ಅರ್ಥ. ಗಡಿಯಾರ, ಗಾಜು, ಮಂಜುಗಡ್ಡೆ ಇದ್ದರೆ ಸಾಕು, ದಾವಣಗೆರೆಯಲ್ಲೇ ತೋರಿಸಬಹುದು ಎನ್ನುತ್ತಿದ್ದರು. ಇಲ್ಲದಿದ್ದದ್ದು ಭಾರಜಲ ಒಂದೇ. ಎರಡು ವರ್ಷ ಕಾಗದ ಬರೆದು ಬರೆದು, ಕೊನೆಗೆ ಬೆಂಗಳೂರಿನಲ್ಲಿದ್ದ ಅವರ ಹಳೆಯ ಗುರುಗಳು ನಿವೃತ್ತಿಯಾಗುವ ಮುಂಚೆ ತಮ್ಮಲ್ಲಿದ್ದುದರಲ್ಲೇ ಒಂದು ಸಣ್ಣ ಬಾಟಲಿ ಕೊಟ್ಟರು. ಅದನ್ನು ಎದೆಗವಚಿಕೊಂಡು ರೈಲಿನಲ್ಲಿ ತಂದರು.

ತಂದ ದಿನ ಸ್ಟಾಫ್ ರೂಮಿನಲ್ಲಿ ನಮಗೆ ತೋರಿಸಿದರು. ನೋಡಲು ನೀರೇ. "ಇದ್ರಾಗೆ ಕಾಳು ನೆನೆಹಾಕಿದ್ರೆ ಮೊಳೆಯಲ್ಲ, ಗೊತ್ತೇನ್ರಿ?" ಎಂದರು. "ಬೀಜದೊಳಗಿನ ಕೆಲಸ ಎಲ್ಲಾ ನಿಧಾನ ಆಗಿ ನಿಂತೇಹೋಗ್ತೈತೆ. ಸಾಯಲ್ಲ. ಬೆಳೆಯಲ್ಲ."

ಊರಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮರುದಿನವೇ ಗುಮಾಸ್ತರೊಬ್ಬರು ಬಂದು, "ಸಾರ್, ಅಣುಬಾಂಬಿಗೆ ಹಾಕೋ ನೀರು ತಂದೀರಂತೆ, ಖರೇನಾ?" ಎಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಪೊಲೀಸರು ಬಂದರೆ, ಪೇಪರಿನವರು ಬಂದರೆ, ಕಾಲೇಜಿನ ಆಡಳಿತದವರು ಕೇಳಿದರೆ ಎಂದು ಅವತ್ತೆಲ್ಲ ಒದ್ದಾಡಿದರು. ಸಂಜೆ ಬಾಟಲಿಯ ಮೇಲಿದ್ದ ಇಂಗ್ಲಿಷ್ ಚೀಟಿಯನ್ನು ಕಿತ್ತು, ತಮ್ಮ ಕೈಯಾರೆ ಕನ್ನಡದಲ್ಲಿ ಬೇರೆ ಚೀಟಿ ಬರೆದು ಅಂಟಿಸಿದರು. "ನೀರು. ಅತಿ ಶುದ್ಧ." ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಆ ಚೀಟಿಯೇ ಅವರಿಗೂ ಮುಳುವಾಯಿತು, ನನಗೂ.

ನಮ್ಮ ಲ್ಯಾಬಿನಲ್ಲಿ ಆಯುಧಪೂಜೆಯನ್ನು ಜೋರಾಗಿ ಮಾಡುತ್ತಿದ್ದರು. ಬಸಣ್ಣ ಹಿಂದಿನ ದಿನವೇ ತಕ್ಕಡಿ, ಬರ್ನರು, ಗಾಜಿನ ನಳಿಕೆ, ಆಸಿಡ್ ಬಾಟಲಿಗಳನ್ನೆಲ್ಲ ಒರೆಸಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮ ಇಡುತ್ತಿದ್ದ. ಅವತ್ತು ಬೀಗದೊಳಗೆ ಏನೂ ಉಳಿಯಬಾರದು, ಎಲ್ಲಕ್ಕೂ ಪೂಜೆಯಾಗಬೇಕು ಎನ್ನುವುದು ಅವನ ಪದ್ಧತಿ. ಬೀರುವಿನ ಕೀಲಿ ಕೇಳಿದ. ಮೇಷ್ಟ್ರು ಕೊಟ್ಟುಬಿಟ್ಟರು. ದೇವರ ಕೆಲಸಕ್ಕೆ ಇಲ್ಲ ಎನ್ನಲು ಅವರಿಗೆ ಹೆದರಿಕೆ.

ಪೂಜೆಯ ದಿನ ಮೇಷ್ಟ್ರು ಬರಲಿಲ್ಲ. ಉರಿಯುವ ಕರ್ಪೂರ, ಆಸಿಡ್ಡು, ಸ್ಪಿರಿಟ್ಟು ಒಂದೇ ಕೋಣೆಯಲ್ಲಿ ಎಂದರೆ ಅವರು ಹರಿಹರದಿಂದ ರೈಲೇ ಹತ್ತುತ್ತಿರಲಿಲ್ಲ. ಬಸಣ್ಣ ಮಂಗಳಾರತಿ ಎತ್ತಿದ, ಕಾಯಿ ಒಡೆದ, ಹಿತ್ತಾಳೆ ಬಟ್ಟಲಿನಿಂದ ಸಾಮಾನುಗಳ ಮೇಲೆ ತೀರ್ಥ ಚಿಮುಕಿಸಿದ. ಆಮೇಲೆ ನಾವಿದ್ದ ಆರು ಜನಕ್ಕೂ ಉದ್ಧರಣೆಯಿಂದ ಒಂದೊಂದು ಸಲ ಅಂಗೈಗೆ ಹಾಕಿದ. ಏಲಕ್ಕಿಯ ವಾಸನೆ ಇತ್ತು. ಕಣ್ಣಿಗೊತ್ತಿಕೊಂಡು ಕುಡಿದೆ. ನಾನು ಆಗ ನಾಲ್ಕು ತಿಂಗಳ ಬಸುರಿ. ಹಿಂದಿನ ವರ್ಷದ್ದು ಮೂರು ತಿಂಗಳಿಗೇ ಹೋಗಿತ್ತು, ಆದ್ದರಿಂದ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಈ ಸಲವಾದರೂ ನಿಲ್ಲಲಿ ತಂದೆ ಎಂದು ಬೇಡಿಕೊಂಡೇ ಕುಡಿದೆ.

ರಜೆ ಮುಗಿದು ಬಂದ ದಿನ ಮೇಷ್ಟ್ರು ಬೀರು ತೆರೆದರು. ಬಾಟಲಿಯನ್ನು ಬೆಳಕಿಗೆ ಹಿಡಿದರು. ಅರ್ಧ ಖಾಲಿ. "ಬಸಣ್ಣಾ," ಎಂದ ಆ ದನಿ ನನಗಿನ್ನೂ ಕಿವಿಯಲ್ಲಿದೆ. ಬಸಣ್ಣ ಹಲ್ಲು ಬಿಡುತ್ತ ಬಂದ.

"ತೀರ್ಥಕ್ಕೆ ಹಾಕ್ದೆ ಸಾರ್. ಅತಿ ಶುದ್ಧ ಅಂತ ನೀವೇ ಬರೆದಿದ್ರಲ್ಲ! ನಳದ ನೀರಿನಾಗೆ ಬರೀ ಮಣ್ಣು. ನೀವು ಬೀಗ ಹಾಕಿ ದಿನಾ ನೋಡೋ ನೀರು ಅಂದ್ರೆ ದೇವರಿಗೆ ಅದಕ್ಕಿಂತ ಒಳ್ಳೇದು ಯಾವ್ದೈತ್ರಿ?"

ನನ್ನ ಕೈ ತಾನಾಗಿ ಸೆರಗಿನ ಒಳಗೆ, ಹೊಟ್ಟೆಯ ಮೇಲೆ ಹೋಯಿತು. ಸಾಯಲ್ಲ, ಬೆಳೆಯಲ್ಲ ಎಂದು ಅವರೇ ಹೇಳಿದ್ದ ಮಾತು ತಲೆಯಲ್ಲಿ ಗಿರಗಿರ ತಿರುಗಿತು. ಮೇಷ್ಟ್ರು ಯಾರ್ಯಾರು ಕುಡಿದರು, ಎಷ್ಟೆಷ್ಟು ಕುಡಿದರು ಎಂದು ಕೇಳಿಕೊಂಡರು. ಏನಾದರೂ ಆಗುತ್ತಾ ಎಂದು ಬಸಣ್ಣ ಅಳುಮುಖ ಮಾಡಿದಾಗ, "ನಿನಗೇನೂ ಅನ್ನಲ್ಲಪ್ಪ. ತಪ್ಪು ನಂದು. ಸುಳ್ಳು ಚೀಟಿ ಬರೆದೋನು ನಾನು," ಎಂದು ಅವನ ಭುಜ ತಟ್ಟಿ ಕಳಿಸಿದರು. ಎಲ್ಲರೂ ಹೋದ ಮೇಲೆ ನಾನು ಹೇಳಿದೆ.

"ಸರ್, ನಂಗೆ ನಾಕು ತಿಂಗಳಾಗೈತೆ."

ಅವರು ಕರಿಹಲಗೆಯ ಹತ್ತಿರ ಹೋಗಿ ಲೆಕ್ಕ ಹಾಕಿದರು. ಸೀಮೆಸುಣ್ಣ ಎರಡು ಸಲ ಮುರಿಯಿತು. "ನೋಡ್ರಮ್ಮ, ನಿಮ್ಮ ಮೈಯಾಗೆ ಎರಡು ಕೊಡ ನೀರೈತೆ. ಹುಟ್ಟಿದಾಗಿನಿಂದ ಅದ್ರಾಗೆ ಒಂದು ಚಮಚದಷ್ಟು ಭಾರಜಲ ಇದ್ದೇ ಐತೆ. ಹೊಳೆ ನೀರಿನಾಗೂ ಐತೆ, ಬಾವಿ ನೀರಿನಾಗೂ ಐತೆ. ನೀವು ಕುಡಿದದ್ದು ಇನ್ನೊಂದು ಚಮಚ. ಕೆಡುಕಾಗಬೇಕಂದ್ರೆ ಆ ಎರಡು ಕೊಡದಾಗೆ ಅರ್ಧ ಕೊಡ ಇದೇ ಇರಬೇಕು. ಬರೇ ಚಮಚ."

"ಹಂಗಾರೆ ಮಗೂಗೆ ಏನೂ ಆಗಲ್ಲ?"

"ಭಾಳ ಕಡಿಮೆ. ಭಾಳ ಭಾಳ ಕಡಿಮೆ."

"ಆಗಲ್ಲ ಅಂತ ಹೇಳ್ರಿ ಸರ್."

ಅವರು ಸೀಮೆಸುಣ್ಣ ಕೆಳಗಿಟ್ಟರು. "ಹೊಟ್ಟೆಯಾಗಿನ ಕೂಸಿನ ಮೇಲೆ ಯಾರೂ ನೋಡಿಲ್ಲಮ್ಮ," ಎಂದರು ಕೊನೆಗೆ. "ನೋಡದೇ ಇರೋದನ್ನ ಹೆಂಗೆ ಹೇಳ್ಲಿ?"

ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಸುಳ್ಳು ಹೇಳಲು ಏನು ಗಂಟು ಹೋಗುತ್ತಿತ್ತು ಈ ಮನುಷ್ಯನದು! ಬಾಟಲಿಯ ಮೇಲೆ ಸುಳ್ಳು ಬರೆಯಲು ಬರುತ್ತದೆ, ಬಸುರಿ ಹೆಂಗಸಿಗೆ ಹೇಳಲು ಬರುವುದಿಲ್ಲ. ಕರಿಹಲಗೆ ಒರೆಸುವ ಬಟ್ಟೆಯನ್ನು ಅವರ ಎದುರಿಗೇ ನೆಲಕ್ಕೆ ಬಿಸಾಕಿ ಮನೆಗೆ ಹೋದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಚೀನಾದವರು ಅಣುಬಾಂಬು ಸಿಡಿಸಿದರೆಂಬ ಸುದ್ದಿ ರೇಡಿಯೋದಲ್ಲಿ ಬಂದದ್ದು ಅದೇ ರಜೆಯಲ್ಲಿ, ಊರೆಲ್ಲ ಅದೇ ಮಾತು. ಬಸಣ್ಣ ಹೊಟ್ಟೆ ಹಿಡಿದುಕೊಂಡು ಬಂದು, "ಅಕ್ಕಾರೆ, ನನ್ನ ಹೊಟ್ಟೆಯಾಗೆ ಸಿಡೀತೈತೇನ್ರಿ?" ಎಂದು ಕೇಳಿದ. ಹೋಗೋ ಮಾರಾಯ ಎಂದು ಗದರಿಸಿ ಕಳಿಸಿದೆ. ಅವನನ್ನು ಗದರಿಸಿದಷ್ಟು ಸುಲಭವಾಗಿ ನನ್ನನ್ನು ನಾನು ಗದರಿಸಿಕೊಳ್ಳಲಾಗಲಿಲ್ಲ. ಯಜಮಾನರು ಮಿಲ್ಲಿನ ಆಫೀಸಿನಲ್ಲಿದ್ದರು, ಒಳ್ಳೆಯವರೇ, ಆದರೆ ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವರಿಗೆ ಹೇಳಿದರೆ ಅತ್ತೆಗೆ ಹೇಳಿದ ಹಾಗೆ. ಅತ್ತೆಗೆ ಗೊತ್ತಾದರೆ ನೌಕರಿ ಬಿಡಿಸುವುದು ಗ್ಯಾರಂಟಿ. ಆದ್ದರಿಂದ ಬಾಯಿ ಮುಚ್ಚಿಕೊಂಡೆ.

ಅತ್ತೆ ಒಂದು ದಿನ ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಗೂಡಿನಲ್ಲಿಟ್ಟಿದ್ದರು. ನಾನು ಆ ಗಂಟನ್ನು ಎಷ್ಟು ಸಲ ಬಿಚ್ಚಿ ನೋಡಿದೆನೋ ಲೆಕ್ಕವಿಲ್ಲ. ನಮ್ಮ ಮನೆಯ ನೀರಿನಲ್ಲಿ ನೆಂದ ಕಾಳು, ಮೊಳೆಯದೆ ಏನು ಮಾಡೀತು? ಆದರೂ ಬಿಳಿ ಮೊಳಕೆ ಕಾಣುವ ತನಕ ನನಗೆ ಉಸಿರು ಬರಲಿಲ್ಲ. ಅತ್ತೆ, "ಏನವ್ವಾ, ಕಾಳಿಗೆ ಕಾವಲು ಕೂತೀಯಾ? ಬಿಚ್ಚಿ ಬಿಚ್ಚಿ ನೋಡಿದ್ರೆ ಮೊಳಕೆ ಕೆಡ್ತೈತೆ ಬಿಡು," ಎಂದರು. ನಾನು ಅಡುಗೆಮನೆಗೆ ಬೆನ್ನು ಹಾಕಿ ಕಣ್ಣೀರಿಟ್ಟೆ.

ಐದು ತುಂಬುತ್ತಾ ಬಂತು. ಇಷ್ಟೊತ್ತಿಗೆ ಮಿಸುಕಾಡಬೇಕು ಎಂದು ಹೆಂಗಸರೆಲ್ಲ ಹೇಳುವುದನ್ನು ಕೇಳಿದ್ದೆ. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಪಾಠದ ನಡುವೆ, ಊಟದ ನಡುವೆ, ಮಾತಿನ ನಡುವೆ ಉಸಿರು ಬಿಗಿಹಿಡಿದು ಒಳಗೆ ಕಿವಿಗೊಡುತ್ತಿದ್ದೆ. ಒಳಗೆ ಸದ್ದಿಲ್ಲ. ಅದು ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ, ಹಾಗೇ ನಿಂತುಬಿಟ್ಟಿದೆ ಎಂದು ನನಗೆ ಖಾತ್ರಿಯಾಗತೊಡಗಿತು. ಯಾರಿಗೂ ಹೇಳಲಾರದ ಹೆದರಿಕೆಗಿಂತ ಕೆಟ್ಟದ್ದು ಇನ್ನೊಂದಿಲ್ಲ, ಇದು ನಾನು ಅನುಭವಿಸಿ ಹೇಳುವ ಮಾತು.

ಒಂದು ಮಧ್ಯಾಹ್ನ ತಡೆಯಲಾರದೆ ಲ್ಯಾಬಿಗೆ ಹೋದೆ. ಸೋಡಾ ಅಂಗಡಿಯ ಇಮಾಮ್ ಸಾಬರು ಗೋಣಿಚೀಲದಲ್ಲಿ ಮರದ ಹೊಟ್ಟು ಮೆತ್ತಿದ ಮಂಜುಗಡ್ಡೆ ಇಳಿಸಿ ಹೋಗುತ್ತಿದ್ದರು. "ಇಷ್ಟು ಬರ್ಫು ಯಾರಿಗ್ರಿ, ಮೇಷ್ಟ್ರೇ? ಜ್ವರ ಜೋರೈತಾ?" ಎಂದು ವಿಚಾರಿಸುತ್ತಲೇ ಹೋದರು. ಮೇಜಿನ ಮೇಲೆ ಗಡಿಯಾರ, ಗಾಜಿನ ಪಾತ್ರೆಗಳು, ಅಯೋಡಿನ್ನು, ಉಳಿದ ಅರ್ಧ ಬಾಟಲಿ ಎಲ್ಲ ಸಿದ್ಧವಾಗಿದ್ದವು. ಎಳೆದು ಬಿಗಿದು ಮಾಡಿದರೆ ಒಂದು ಸಲಕ್ಕೆ ಸಾಕಾಗುವಷ್ಟು ನೀರು ಉಳಿದಿತ್ತಂತೆ. ಅವತ್ತು ಅವರ ಪ್ರಯೋಗ.

"ನನ್ನ ಮಗು ಮಿಸುಕ್ತಿಲ್ಲ ಸರ್. ನೀವು ಇಲ್ಲಿ ಬಣ್ಣ ನೋಡ್ತಾ ಕೂತೀರಾ?" ಎಂದು ಚೀರಿದೆ. "ನಿಮಗೆ ಆ ನೀರೇ ಹೆಚ್ಚಾತು. ನಾನು ದಿನಾ ಸಾಯ್ತಿದೀನಿ. ರಾತ್ರಿ ಕಣ್ಣು ಮುಚ್ಚಿದ್ರೆ ಕಾಳು ಕಾಣ್ತಾವೆ. ಭಾಳ ಕಡಿಮೆ, ಭಾಳ ಕಡಿಮೆ ಅಂತೀರಲ್ಲ, ನಿಮ್ಮ ಮೈಗೆ ಬಂದಿದ್ರೆ ಗೊತ್ತಾಗ್ತಿತ್ತು!"

ಅವರು ಒಂದು ಸಲ ಮಂಜುಗಡ್ಡೆಯನ್ನು ನೋಡಿದರು. ಆಮೇಲೆ ಬಾಟಲಿ ಎತ್ತಿಕೊಂಡು ಬಿರಟೆ ತೆಗೆದು, ಅಷ್ಟನ್ನೂ ಗಟಗಟ ಕುಡಿದುಬಿಟ್ಟರು. ಕೊನೆಯ ಹನಿಯವರೆಗೆ. ಬಾಟಲಿ ಕೆಳಗಿಟ್ಟು ಒಣ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ತೊಟ್ಟಿಲ ಕೂಸಿಗೆ ಹಾಲು ಕೊಡುವ ಮುಂಚೆಯೂ ಮೂಸಿ ನೋಡು ಎನ್ನುವಂಥ ಮನುಷ್ಯ!

"ನೀವು ಕುಡಿದದ್ದರ ಹತ್ತರಷ್ಟು ನನ್ನೊಳಗೆ ಹೋತು," ಎಂದರು. ಹಣೆಯಲ್ಲಿ ಬೆವರಿತ್ತು. "ಒಂಚೂರು ಸಿಹಿ ಅನಿಸ್ತು. ಭ್ರಮೆ ಇರಬಹುದು. ಹೋಗ್ರಮ್ಮ, ಮನೆಗೆ ಹೋಗಿ ಮಲಗ್ರಿ. ನಾನು ಚೆನ್ನಾಗಿರೋ ತನಕ ನೀವು ಹೆದರಬ್ಯಾಡ್ರಿ."

ಎರಡು ವರ್ಷ ಕಾದು ತಂದದ್ದು ಒಂದು ಗಳಿಗೆಯಲ್ಲಿ ಹೋಗಿತ್ತು. ಅವರಿಗೆ ಮತ್ತೆ ಭಾರಜಲ ಸಿಗಲಿಲ್ಲ, ಗುರುಗಳೂ ನಿವೃತ್ತಿಯಾಗಿದ್ದರು. ದಾವಣಗೆರೆಯಲ್ಲಿ ಹೈಡ್ರೋಜನ್ ಗೋಡೆ ದಾಟಿದ್ದನ್ನು ಯಾರೂ ನೋಡಲಿಲ್ಲ. ಇದೆಲ್ಲ ಹೊಳೆದದ್ದು ನನಗೆ ಬಹಳ ದಿನದ ಮೇಲೆ. ಅವತ್ತು ನಾನು ಮಾಡಿದ್ದಿಷ್ಟೇ: ಮನೆಗೆ ಹೋದೆ, ಅನ್ನ ಉಂಡೆ, ಮಲಗಿದೆ. ಮೂರು ವಾರದಲ್ಲಿ ಮೊದಲ ಸಲ ಬೆಳಗಿನ ತನಕ ನಿದ್ದೆ ಬಂತು. ಮತ್ತೆ ನಾಲ್ಕು ದಿನಕ್ಕೆ ಒಳಗಿನಿಂದ ಏನೋ ಮೆಲ್ಲಗೆ ತಟ್ಟಿತು. ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದವಳು ಅಲ್ಲೇ ಕೂತು ಗಳಗಳ ಅತ್ತೆ.

ಅಲ್ಲಿಂದಾಚೆ ನಾನು ಗಟ್ಟಿಯಾದೆ. ದಿನಾ ಬೆಳಿಗ್ಗೆ ಮೇಷ್ಟ್ರು ರೈಲಿಳಿದು ಬರುವುದನ್ನು ನೋಡುತ್ತಿದ್ದೆ. ನಡೆಯುತ್ತಿದ್ದಾರೆ, ಮಾತಾಡುತ್ತಿದ್ದಾರೆ, ಬಾಗಿಲಲ್ಲಿ ಮೂಸುತ್ತಿದ್ದಾರೆ. ಸರಿ, ನಾನೂ ಚೆನ್ನಾಗಿದ್ದೇನೆ. ಅವರು ಮಾತ್ರ ಇಳಿದುಹೋದರು. ಪಾಠ ಮಾಡುತ್ತಲೇ ಬಲಗೈಯಿಂದ ಎಡಗೈಯ ನಾಡಿ ಹಿಡಿದುಕೊಳ್ಳುವರು. ಹರಿಹರದ ಸ್ಟೇಷನ್ನಿನಲ್ಲಿ ತೂಕದ ಯಂತ್ರದ ಮೇಲೆ ವಾರಕ್ಕೆರಡು ಸಲ ನಿಲ್ಲುತ್ತಾರೆಂದು ಹುಡುಗರು ಆಡಿಕೊಂಡು ನಗುತ್ತಿದ್ದರು. ನಾನೂ ಬಿಡಲಿಲ್ಲ. "ಗಂಡಸರು ಅಂದ್ರೆ ಹಿಂಗಾ ಸರ್? ನನಗೆ ಧೈರ್ಯ ಹೇಳಿ ನೀವೇ ನಾಡಿ ನೋಡ್ಕೊಂತೀರಲ್ಲ," ಎಂದು ಚುಚ್ಚುತ್ತಿದ್ದೆ. ಅವರು ಕೈ ಬಿಟ್ಟು, "ರೂಢಿ ಕಣ್ರಮ್ಮ," ಎನ್ನುತ್ತಿದ್ದರು.

ಮಾರ್ಚಿನಲ್ಲಿ ಹೆಣ್ಣು ಮಗು ಹುಟ್ಟಿತು. ಎರಡು ದಿನ ನೋವು ತಿಂದೆ, ಅದು ಬೇರೆ ಮಾತು. ಮೂರನೆಯ ದಿನ ಅವರು ಆಸ್ಪತ್ರೆಗೆ ಬಂದರು. ವಾರ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಒದ್ದಾಡುತ್ತಿದ್ದರು. ಕರೆದೆ. ಬಂದವರು ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. ಬಗ್ಗಿ ಮಗುವಿನ ಕೈಬೆರಳು, ಕಾಲಬೆರಳು ಒಂದೊಂದಾಗಿ ಎಣಿಸಿದರು, ಕಿವಿ ನೋಡಿದರು, ಅದು ಆಕಳಿಸಿದಾಗ ಬಾಯೊಳಗೆ ಇಣುಕಿದರು. ಎತ್ತಿಕೊಳ್ಳಿ ಎಂದೆ. "ಬ್ಯಾಡ್ರಿ, ಬ್ಯಾಡ್ರಿ, ಜಾರೀತು," ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಅವರನ್ನು ಸಂತೋಷಪಡಿಸಬೇಕು ಎನಿಸಿತು. "ನೀವು ಅಷ್ಟು ಕುಡಿದೂ ಏನೂ ಆಗ್ಲಿಲ್ಲ ಅಂದ್ಮೇಲೆ ನನಗೆ ಎಲ್ಲಿ ಆಗ್ತೈತೆ ಅಂತ ಧೈರ್ಯ ಬಂತು ಸರ್. ಅದರ ಮೇಲೇ ನಾಕು ತಿಂಗಳು ಹಾಯಾಗಿದ್ದೆ," ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಹೇಳಬಹುದು ಎನಿಸಿರಬೇಕು.

"ನಾನು ಕುಡಿದದ್ದಕ್ಕೂ ಈ ಕೂಸಿಗೂ ಏನೂ ಸಂಬಂಧ ಇಲ್ಲಮ್ಮ. ಬೆಳೆದು ನಿಂತ ಮೈ ಬೇರೆ, ಬೆಳೆಯೋ ಮೈ ಬೇರೆ. ನಂಗೆ ಏನೂ ಆಗದಿದ್ರೂ ಅದ್ರಿಂದ ಏನೂ ತಿಳಿಯಲ್ಲ. ಕುಡಿಯೋವಾಗ್ಲೇ ಗೊತ್ತಿತ್ತು."

"ಮತ್ತೆ ಯಾಕ ಕುಡಿದ್ರಿ ಸರ್?"

"ನೀವೊಬ್ಬರೇ ಹೆದರ್ತಿದ್ರಿ," ಎಂದರು. "ನಿಮಗೆ ಅದು ರೂಢಿ ಇಲ್ಲ."

ಮಡಿಲಲ್ಲಿದ್ದ ಮಗುವನ್ನು ಎದೆಗೆ ಅವುಚಿಕೊಂಡೆ. ನಾನು ನಿಶ್ಚಿಂತೆಯಿಂದ ಮಲಗಿದ ಆ ನಾಲ್ಕು ತಿಂಗಳಿಗೆ ಯಾವ ಆಧಾರವೂ ಇರಲಿಲ್ಲ. ಆ ನಾಲ್ಕು ತಿಂಗಳು ಅವರು ನಾಡಿ ಹಿಡಿದದ್ದು, ಇಳಿದುಹೋದದ್ದು ತಮ್ಮ ಜೀವಕ್ಕೆ ಹೆದರಿ ಅಲ್ಲ. ಮಗುವಿನ ಬಗೆಗಿನ ಹೆದರಿಕೆಯನ್ನೆಲ್ಲ, ನನ್ನ ಬದಲು, ಅವರೊಬ್ಬರೇ ಹೆದರಿ ಮುಗಿಸಿದ್ದರು.